ಪದದ ಬೆನ್ನಿಗೆ ನಿಂತ ಕೈ

ಹೊಸಂಗಡಿಯಲ್ಲಿ ಹೆದ್ದಾರಿ ಬಿಟ್ಟು ಮೂಡು ದಿಕ್ಕಿಗೆ ಹೊರಳಿದ ದಾರಿ ಮೀಯಪದವನ್ನು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಏರಿ ಇಳಿಯುತ್ತದೆ. ಏರಿದಲ್ಲಿ ಮುರಕಲ್ಲಿನ ಬೋಳು ಪದವು, ಅಲ್ಲಲ್ಲಿ ಗೇರು ಮರ, ಬೀಸುವ ಗಾಳಿ. ಇಳಿದಲ್ಲಿ ಅಡಕೆ ತೋಟದ ತಂಪು, ತೋಡಿನ ನೀರು, ಉಳಿದುಕೊಂಡ ನಾಲ್ಕಾರು ಗದ್ದೆ. ಕಾಸರಗೋಡಿನ ಮೀಂಜ ಪಂಚಾಯತೆಂದರೆ ಹೀಗೆ ಏರು ತಗ್ಗುಗಳಲ್ಲಿ ಹರಡಿಕೊಂಡ ಊರುಗಳು: ಮೀಯಪದವು, ಚಿಗುರುಪಾದೆ, ಮಜಿಬೈಲು, ಕುಳೂರು, ತಲೇಕಳ, ಕೋಳ್ಯೂರು. ಒಂದು ಗುಡ್ಡದಲ್ಲಿ ಕೂಗಿದರೆ ಇನ್ನೊಂದರಲ್ಲಿ ಓಗೊಡಬಹುದು. ಆದರೆ ನಡೆದು ಹೋಗಬೇಕಾದರೆ ತೋಟ, ತೋಡು, ಸಂಕ ಎಲ್ಲ ದಾಟಬೇಕು.

ಇಂಥ ನೆಲಕ್ಕೆ ಚೆಂಡೆ ಹೇಳಿ ಮಾಡಿಸಿದ ವಾದ್ಯ. ಚಳಿಗಾಲದ ಸಂಜೆ, ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಮೇಳದವರು ಕೇಳಿ ಬಾರಿಸಿದರೆಂದರೆ ಮೂರು ಗುಡ್ಡದಾಚೆಯ ಮನೆಯಲ್ಲೂ ಅಂಗಳಕ್ಕೆ ಬಂದು ಕಿವಿಗೊಡುತ್ತಾರೆ. ಇವತ್ತು ಆಟ ಇದೆ. ಊಟ ಬೇಗ ಆಗುತ್ತದೆ. ಟಾರ್ಚಿನ ಬದಲು ಮೊಬೈಲಿನ ಬೆಳಕು ಹಿಡಿದು ಜನ ಅಡಕೆ ತೋಟದ ಬದುವಿನ ಮೇಲೆ ಸಾಲಾಗಿ ಬರುತ್ತಾರೆ. ಗದ್ದೆಯ ಅಂಚಿನಲ್ಲಿ ಚರುಮುರಿಯ ಗಾಡಿ, ಗೋಳಿಬಜೆ ಕರಿಯುವ ಬಾಣಲೆ, ಚಾ. ಚೌಕಿಯಲ್ಲಿ ಬಣ್ಣ ಏರುತ್ತಿದೆ. ರಂಗಸ್ಥಳದಲ್ಲಿ ಸಂಗೀತಗಾರರು ಪೂರ್ವರಂಗದ ಪದಗಳನ್ನು ಹಾಡುತ್ತಿದ್ದಾರೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬಂದು ಹೋಗುತ್ತವೆ. ಜನ ಇನ್ನೂ ಕುರ್ಚಿ ಹುಡುಕುವುದರಲ್ಲೇ ಇದ್ದಾರೆ.

ಈ ಹೊತ್ತಿನಲ್ಲಿ ನಾನು ನೋಡುವುದು ಒಬ್ಬರನ್ನೇ. ರಂಗಸ್ಥಳದ ಹಿಂಬದಿಗೆ, ಭಾಗವತರು ಬಂದು ಕೂರಲಿರುವ ಜಾಗದ ಪಕ್ಕ, ಅಡ್ಡ ಮಲಗಿಸಿದ ಮದ್ದಳೆಯ ಮೇಲೆ ಬಾಗಿ ಕುಳಿತವರನ್ನು. ಅವರು ಬಲ ಮುಚ್ಚಿಗೆಯ ಅಂಚಿಗೆ ಸಣ್ಣ ಪೆಟ್ಟು ಕೊಡುತ್ತಾರೆ, ಬೆರಳಿನಿಂದ ಒಮ್ಮೆ ನುಡಿಸುತ್ತಾರೆ, ಶ್ರುತಿಪೆಟ್ಟಿಗೆಯತ್ತ ತಲೆ ವಾಲಿಸುತ್ತಾರೆ, ಮದ್ದಳೆಯನ್ನು ತುಸು ತಿರುಗಿಸಿ ಮುಂದಿನ ಅಂಚಿಗೆ ಮತ್ತೊಂದು ಪೆಟ್ಟು. ಸುತ್ತ ಒಂದು ಬಳಸು ಬರುವವರೆಗೆ ಬೇರೆ ಯಾವುದರ ಮೇಲೂ ಗಮನವಿಲ್ಲ. ಇಬ್ಬನಿ ಬೀಳುವ ರಾತ್ರಿಯಾದರೆ ಚರ್ಮ ತೇವ ಹೀರಿ ಸಡಿಲುತ್ತದೆ, ನಾದ ಇಳಿಯುತ್ತದೆ. ಪ್ರಸಂಗದ ನಡುವೆ ಮಾತಿನ ಹೊತ್ತು ಸಿಕ್ಕಾಗ ಮತ್ತೆ ಏರಿಸಬೇಕು. ಭಾಗವತರು ಬದಲಾದರೆ ಶ್ರುತಿಯೂ ಬದಲು. ಒಬ್ಬರದು ಬಿಳಿ ನಾಲ್ಕು, ಇನ್ನೊಬ್ಬರದು ಕಪ್ಪು ಎರಡು. ಅದಕ್ಕೆಂದೇ ಪಕ್ಕದಲ್ಲಿ ಬೇರೆ ಮದ್ದಳೆಯೂ ಕಾಯುತ್ತಿರುತ್ತದೆ.

ಚರ್ಮವಾದ್ಯಕ್ಕೆ ಇಷ್ಟು ಕಟ್ಟುನಿಟ್ಟಿನ ಶ್ರುತಿ ಹೇಗೆ ಬಂತು ಎಂಬುದಕ್ಕೆ ಉತ್ತರ ಬಲ ಮುಚ್ಚಿಗೆಯ ನಡುವಿನ ಕಪ್ಪು ಕರಣೆಯಲ್ಲಿದೆ. ಬರಿಯ ಚರ್ಮಕ್ಕೆ ಹೊಡೆದರೆ ಅದರಿಂದ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಕಿವಿಗೆ ಸ್ವರವಾಗಿ ಕೇಳುವುದಿಲ್ಲ, ಸದ್ದಾಗಿ ಕೇಳುತ್ತದೆ. ನಡುವೆ ಪದರ ಪದರವಾಗಿ ಕರಣೆ ಕೂರಿಸಿದಾಗ ಆ ಉಪಸ್ವರಗಳು ತಂತಿಯ ಉಪಸ್ವರಗಳಂತೆ ಒಂದು, ಎರಡು, ಮೂರು, ನಾಲ್ಕು ಎಂಬ ಲೆಕ್ಕಕ್ಕೆ ಬರುತ್ತವೆ. ಮೃದಂಗ, ತಬಲಗಳ ಈ ಗುಣವನ್ನು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. 1934ರಲ್ಲಿ ಬೆಂಗಳೂರಿನಿಂದ ಇನ್ನೂ ವಿಸ್ತಾರವಾಗಿ ಬರೆದರು. ಕರಣೆ ಹಾಕುವ ಕೈಗಳಿಗೆ ಅದು ಎಷ್ಟೋ ತಲೆಮಾರುಗಳಿಂದ ಗೊತ್ತಿತ್ತು. ಕರಣೆ ಇರುವುದರಿಂದಲೇ ಮದ್ದಳೆ ತಾಳ ಹಿಡಿಯುವ ಕೆಲಸಕ್ಕಷ್ಟೇ ನಿಲ್ಲದೆ ಹಾಡಿನ ಒಳಗೆ ಬಂದು ಕೂರುತ್ತದೆ. ಎಡ ಮುಚ್ಚಿಗೆಯ ಕೆಳದನಿ ಪದದ ಅಡಿಪಾಯವಾಗುತ್ತದೆ, ಬಲದ ನಾದ ಭಾಗವತರ ಷಡ್ಜಕ್ಕೆ ಆತುಕೊಂಡಿರುತ್ತದೆ.

ಈಗ ಭಾಗವತರು ಬಂದು ಕೂರುತ್ತಾರೆ, ಕೈಯಲ್ಲಿ ಜಾಗಟೆ. ತೆಂಕುತಿಟ್ಟಿನ ಹಿಮ್ಮೇಳ ಪೂರ್ತಿಯಾಯಿತು: ನಡುವೆ ಭಾಗವತರು, ಪಕ್ಕದಲ್ಲಿ ಮದ್ದಳೆ, ಹೆಗಲಿಗೆ ಚೆಂಡೆ ತೂಗಿ ನಿಂತವರು, ಚಕ್ರತಾಳದವರು. ಭಾಗವತರನ್ನು ಮೊದಲನೆಯ ವೇಷಧಾರಿ ಎನ್ನುವುದು ಬರೀ ಗೌರವಕ್ಕಲ್ಲ. ಯಾವ ಪದವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಕಾಲ ಏರಿಸಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇದೆ. ಮುಂದೆ ಕುಣಿಯುವವರು ಅವರ ಕಡೆ ತಿರುಗಿ ನೋಡುವುದಿಲ್ಲ, ಕಿವಿಯಲ್ಲೇ ನೋಡುತ್ತಾರೆ. ಆ ಕಿವಿಗೆ ಸುದ್ದಿ ಮುಟ್ಟಿಸುವುದು ಮದ್ದಳೆ ಮತ್ತು ಚೆಂಡೆ.

ಕೋಳ್ಯೂರಿನ ಹೆಸರು ನಾಡಿಗೆಲ್ಲ ತಿಳಿದದ್ದು ಕೋಳ್ಯೂರು ರಾಮಚಂದ್ರ ರಾವ್ ಅವರಿಂದ. ಧರ್ಮಸ್ಥಳ ಮೇಳದ ಸ್ತ್ರೀವೇಷವೆಂದರೆ ಕೋಳ್ಯೂರರೇ ಎಂಬ ಕಾಲವೊಂದಿತ್ತು. ಆ ಮೇಳದಲ್ಲಿ ಹಾಡುತ್ತಿದ್ದವರು ಕಡತೋಕ ಮಂಜುನಾಥ ಭಾಗವತರು. ಅಲ್ಲಿನ ಚೆಂಡೆ ಮದ್ದಳೆಗೆ ಹೆಸರಾದವರು ಚಿಪ್ಪಾರು ಕೃಷ್ಣಯ್ಯ ಬಲ್ಲಾಳರು. ಚಿಪ್ಪಾರು ಮೀಂಜಕ್ಕೆ ನೆರೆಯ ಊರು. ಸ್ತ್ರೀವೇಷದ ದುಃಖದ ಪದ, ಭಾಗವತರ ಕಂಠ, ಕೆಳಗೆ ಮದ್ದಳೆ. ಶೃಂಗಾರಕ್ಕೂ ಕರುಣಕ್ಕೂ ಚೆಂಡೆ ಸುಮ್ಮನಿರಬೇಕೆಂಬುದು ತೆಂಕಿನ ಹಳೆಯ ಕಟ್ಟಳೆ. ಕಾಡಿನಲ್ಲಿ ಒಂಟಿಯಾದ ದಮಯಂತಿಗೆ, ಮಗನನ್ನು ಕಳೆದುಕೊಂಡ ಚಂದ್ರಮತಿಗೆ ಮದ್ದಳೆಯೊಂದೇ ಜೊತೆ.

ಅಂಥ ಪದವೊಂದನ್ನು ಈ ರಾತ್ರಿಯೂ ಭಾಗವತರು ಎತ್ತುತ್ತಾರೆ. ನಿಧಾನಗತಿ. ಪದದ ಮೊದಲ ಮಾತು ಹೊರಬರುವವರೆಗೆ ಮದ್ದಳೆಗಾರರ ಎರಡೂ ಅಂಗೈ ಚರ್ಮದ ಮೇಲೆ ಸುಮ್ಮನೆ ಒರಗಿವೆ. ಮಾತು ಬಂತು, ಎಡಗೈ ಒಮ್ಮೆ ದೊಂ ಎಂದಿತು, ಅಷ್ಟೇ. ಆ ಒಂದು ಪೆಟ್ಟಿನ ನಾದ ಆರುವ ತನಕ ಬಲಗೈ ಕಾಯುತ್ತದೆ. ಎರಡನೆಯ ಸಾಲಿನಲ್ಲಿ ಭಾಗವತರು ಒಂದು ಅಕ್ಷರವನ್ನು ಎಳೆದು ಮೇಲಕ್ಕೆ ಹೋದರು. ಮದ್ದಳೆ ಅವರ ಹಿಂದೆ ಓಡಲಿಲ್ಲ. ಎಡದ ಚರ್ಮವನ್ನು ಅಂಗೈಯ ಬುಡದಿಂದ ತುಸು ಒತ್ತಿ ನಾದವನ್ನು ಬಗ್ಗಿಸಿತು, ಸ್ವರ ಇಳಿದು ಬರುವಾಗ ಬೆರಳ ತುದಿಯಲ್ಲಿ ಎರಡು ಮೃದು ನುಡಿತ ಕೊಟ್ಟಿತು. ವೇಷಧಾರಿ ಬಲಗಾಲನ್ನು ಹಿಂದಕ್ಕೆ ಸರಿಸಿದ್ದೂ ಆ ನುಡಿತ ಬಿದ್ದದ್ದೂ ಒಂದೇ ಸಲಕ್ಕೆ. ಚರಣ ಮುಗಿಯುವಲ್ಲಿ ಬಿಡ್ತಿಗೆ ಬರಬೇಕು; ದೊಡ್ಡದೊಂದನ್ನು ಹಾಕಬಹುದಿತ್ತು, ಹಾಕಲಿಲ್ಲ. ಸಣ್ಣದರಲ್ಲಿ ಮುಗಿಸಿ ಕೈ ತೆಗೆದರು, ದಮಯಂತಿ ಮಾತಿಗೆ ತೊಡಗಿದಳು. ಚರುಮುರಿಯ ಗಾಡಿಯ ಹತ್ತಿರ ನಿಂತಿದ್ದವರೂ ಈ ಕಡೆ ತಿರುಗಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾವುದಕ್ಕೆ ಹೊಡೆಯಬೇಕೆಂದು ಯಾರಿಗೂ ಬೇರೆಯಾಗಿ ಕಾಣಲಿಲ್ಲ. ಪದ, ಮದ್ದಳೆ, ಹೆಜ್ಜೆ ಮೂರೂ ಸೇರಿ ಒಂದೇ ಆಗಿತ್ತು.

ಈ ಕಲೆಯಲ್ಲಿ ಕೈಚಳಕಕ್ಕೆ ಜಾಗವಿಲ್ಲವೆಂದು ನಾನು ಹೇಳುತ್ತಿಲ್ಲ. ದೇವಿಮಹಾತ್ಮೆಯ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ, ಬೆಂಕಿಯ ನಡುವೆ, ಕೂಗು ಹಾಕುತ್ತ ರಂಗಸ್ಥಳದತ್ತ ಬರುವಾಗ ಒಂದು ಚೆಂಡೆ ಸಾಲದು. ಹಲವು ಚೆಂಡೆಗಳು ಒಟ್ಟಿಗೆ ಮೊಳಗಬೇಕು, ಗದ್ದೆಯ ಮಣ್ಣು ಅದುರಬೇಕು, ತೊಡೆಯ ಮೇಲೆ ಮಲಗಿದ್ದ ಮಗು ಎದ್ದು ಅಮ್ಮನ ಕೊರಳಿಗೆ ಜೋತುಬೀಳಬೇಕು. ಅಲ್ಲಿ ಕೋಲಿನ ವೇಗವೇ ಪದ. ಏರುಪದದಲ್ಲಿ, ಯುದ್ಧದಲ್ಲಿ, ವೇಷ ಧೀಂಗಿಣ ಸುತ್ತುವಾಗ ಚೆಂಡೆಯವರು ಹಿಂದೆ ಸರಿದರೆ ಕುಣಿಯುವವರ ಉಸಿರೇ ಕಟ್ಟುತ್ತದೆ. ಧೀಂಗಿಣ ಎಷ್ಟು ಸುತ್ತು ಹೋಗುತ್ತದೆಂದು ಮೊದಲೇ ತೀರ್ಮಾನಿಸಿದ ಲೆಕ್ಕವಿಲ್ಲ. ವೇಷಧಾರಿಯ ಕಾಲನ್ನು ನೋಡುತ್ತ, ಅವರ ದಣಿವನ್ನು ಅಳೆಯುತ್ತ, ಸರಿಯಾದ ಗಳಿಗೆಯಲ್ಲಿ ಮುಕ್ತಾಯ ಕೊಡಬೇಕು. ಇದಕ್ಕೆ ವರ್ಷಗಟ್ಟಲೆ ಸಾಧಿಸಿದ ಕೈ ಬೇಕು. ಹಾಗಾಗಿ ವೇಗವನ್ನೇ ದೂರುವವರ ಜೊತೆ ನನಗೆ ಸಹಮತವಿಲ್ಲ. ನನ್ನ ತಕರಾರು ಇರುವುದು ವೇಗ ಯಾರ ಸಲುವಾಗಿ ಎಂಬುದರಲ್ಲಿ.

ಮೈಕ್ ಬಂದದ್ದರಿಂದ ಇದರಲ್ಲಿ ದೊಡ್ಡ ವ್ಯತ್ಯಾಸವಾಯಿತು. ಮೈಕಿಲ್ಲದ ಕಾಲದಲ್ಲಿ ಭಾಗವತರಿಗೆ ಏರು ಶ್ರುತಿಯ ಗಟ್ಟಿ ಕಂಠ ಬೇಕಿತ್ತು. 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಆ ಪರಂಪರೆಯ ಕೊನೆಯ ದೊಡ್ಡ ಹೆಸರು. ಅವರ ಮನೆತನದ ಬೇರು ಇದೇ ಕಾಸರಗೋಡಿನ ಪಡ್ರೆಯಲ್ಲಿ. ಅಂಥ ಕಂಠದ ಪಕ್ಕದಲ್ಲಿ ನಿಂತ ಚೆಂಡೆಯವರು ಮಾತನ್ನು ಮುಚ್ಚದ ಹಾಗೆ ತಮ್ಮ ಪೆಟ್ಟನ್ನು ತಾವೇ ಅಳೆದುಕೊಳ್ಳಬೇಕಿತ್ತು. ಸಾಲು ಮುಗಿದು ಭಾಗವತರು ಉಸಿರು ತೆಗೆದುಕೊಳ್ಳುವ ತೆರಪಿನಲ್ಲಿ ಚೆಂಡೆ ಬರಬೇಕು, ಸಾಲು ಎತ್ತಿದ ಕೂಡಲೇ ಇಳಿಯಬೇಕು. ಈಗ ಚೆಂಡೆಗೊಂದು ಮೈಕ್, ಮದ್ದಳೆಯ ಎಡಕ್ಕೊಂದು, ಬಲಕ್ಕೊಂದು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಗದ್ದೆಯ ಮೂಲೆಯಲ್ಲಿ ಕುಳಿತ ಸೌಂಡ್ಸಿನ ಹುಡುಗ ತೀರ್ಮಾನಿಸುತ್ತಾನೆ. ಅವನಿಗೆ ಪ್ರಸಂಗ ಗೊತ್ತಿದ್ದರೆ ನಮ್ಮ ಪುಣ್ಯ. ಗೊತ್ತಿಲ್ಲದಿದ್ದರೆ ಎಲ್ಲವೂ ಮೇಲೆ, ಪದದ ಅಕ್ಷರ ಮಾತ್ರ ಕೆಳಗೆ.

ಇನ್ನೊಂದು ಬದಲಾವಣೆ ಹೊತ್ತಿನದ್ದು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆ ಹಾಕಿದ ನಿಯಮ 2000ನೇ ಇಸವಿಯದ್ದು. ಬೆಳಗಿನವರೆಗಿನ ಆಟ ಹಲವೆಡೆ ಕಾಲಮಿತಿಯಾಯಿತು. ಹೊತ್ತು ಕಡಮೆಯಾದಾಗ ಮೊದಲು ಕತ್ತರಿ ಬಿದ್ದದ್ದು ನಿಧಾನದ ಪದಗಳಿಗೆ. ಏರುಪದಗಳು ಉಳಿದವು, ಯುದ್ಧ ಉಳಿಯಿತು. ಇದರ ಜೊತೆಗೆ ಪ್ರಸಂಗವೇ ಇಲ್ಲದ ಗಾನವೈಭವಗಳು ಬಂದವು: ಇಬ್ಬರು ಭಾಗವತರ ದ್ವಂದ್ವ, ಎರಡು ಚೆಂಡೆಗಳ ಜುಗಲ್‌ಬಂದಿ, ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ. ಮದುವೆಯ ಹಾಲಿನಲ್ಲಿ, ಬ್ರಹ್ಮಕಲಶದ ಪೆಂಡಾಲಿನಲ್ಲಿ ಅದನ್ನು ಕೇಳಿ ನಾನೂ ಬೆರಗಾಗಿದ್ದೇನೆ. “ಎಂಥ ಪೆಟ್ಟು ಮಾರಾಯ!” ಎಂದು ಪಕ್ಕದವರ ತೋಳು ಹಿಡಿದಿದ್ದೇನೆ. ಅಲ್ಲಿ ಅದಕ್ಕೆ ಜಾಗವಿದೆ, ಅದು ಅದಕ್ಕೆಂದೇ ಇಟ್ಟ ವೇದಿಕೆ. ಆದರೆ ಅಲ್ಲಿ ಚಪ್ಪಾಳೆ ಬಿದ್ದ ಪೆಟ್ಟು ಮರುದಿನ ರಂಗಸ್ಥಳಕ್ಕೂ ಬರುತ್ತದೆ. ಎರಡು ನಿಮಿಷದ ವಿಡಿಯೋದಲ್ಲಿ ಊರೂರು ಸುತ್ತಿದ ಬಿಡ್ತಿಗೆಯನ್ನು ಚಂದ್ರಮತಿಯ ಪದದ ಕೊನೆಗೆ ಕೇಳಬೇಕಾಗಿ ಬಂದಾಗ ಸಂಕಟವಾಗುತ್ತದೆ. ಕುಣಿಯುವವರು ಬಿಡ್ತಿಗೆ ಮುಗಿಯಲೆಂದು ಕಾಯುತ್ತ ನಿಂತಿರುತ್ತಾರೆ, ಮುಖದಲ್ಲಿ ತಂದುಕೊಂಡ ಅಳು ಅಷ್ಟರಲ್ಲಿ ಆರಿರುತ್ತದೆ.

ಈ ಜಗ್ಗಾಟ ನಮ್ಮ ಹಿಮ್ಮೇಳದ್ದು ಮಾತ್ರವಲ್ಲ. ಮೀಂಜದ ಶಾಲಾ ವಾರ್ಷಿಕೋತ್ಸವಕ್ಕೆ, ದೇವಸ್ಥಾನದ ಉತ್ಸವಕ್ಕೆ ರಸಮಂಜರಿಯವರು ಬಂದಾಗ ವೇದಿಕೆಯ ಹಿಂದಿನ ಸಾಲನ್ನು ನೋಡಬೇಕು. ಡ್ರಮ್ಸಿನ ಪಕ್ಕ ಬೇಸ್ ಗಿಟಾರ್ ಹಿಡಿದು ನಿಂತವರ ಮೇಲೆ ಬೆಳಕು ಬೀಳುವುದೇ ಇಲ್ಲ. ಎಷ್ಟೋ ತಂಡಗಳಲ್ಲಿ ಅವರೂ ಇರುವುದಿಲ್ಲ, ಆ ಕೆಳದನಿಯನ್ನು ಕೀಬೋರ್ಡಿನವರ ಎಡಗೈ ನೋಡಿಕೊಳ್ಳುತ್ತದೆ. ಆದರೆ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಹಾಡಲು ಹೊರಟರೆ ಬೇಸ್ ಇಲ್ಲದೆ ಆಗುವುದಿಲ್ಲ. ಇಳಯರಾಜಾ ಬೇಸ್ ಗಿಟಾರಿಗೆ ಬರೆದುಕೊಟ್ಟ ಸಾಲುಗಳನ್ನು ಬೇರೆಯಾಗಿ ತೆಗೆದು ಹಾಡಿದರೂ ಅವು ಹಾಡೇ. ಅವರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಶಶಿಧರನ್ ಅವರ ಹೆಸರು ಹಾಡು ಗುನುಗುವ ನೂರರಲ್ಲಿ ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಆಳೆತ್ತರದ ಡಬಲ್ ಬೇಸ್ ಡ್ರಮ್ಮು ತುತ್ತೂರಿಗಳ ನಡುವೆ ಕೇಳಿಸದೆ ಹೋಗುತ್ತಿತ್ತು, ಅದಕ್ಕೆಂದೇ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಕೊರಳಿಗೆ ತೂಗಿಕೊಳ್ಳುವ, ವಿದ್ಯುತ್ತಿನಿಂದ ದನಿ ಏರಿಸುವ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ದನಿ ಏರಿದ ಮೇಲೆ ಅಲ್ಲಿಯೂ ಇದೇ ಪ್ರಶ್ನೆ ಎದ್ದಿತು. 1976ರಲ್ಲಿ ಜಾಕೋ ಪಾಸ್ಟೋರಿಯಸ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಬೇಸನ್ನೇ ಮುಂದಿಟ್ಟು ರಾಗ ಹಾಡಿಸಿದರು. ಜಗತ್ತಿನ ಬೇಸ್ ವಾದಕರೆಲ್ಲ ಅವರ ಬೆನ್ನು ಹತ್ತಿದರು. ಅದಕ್ಕೂ ಮೊದಲು ಡೆಟ್ರಾಯಿಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಿಂದ ಬೇಸ್ ನುಡಿಸುತ್ತಿದ್ದರು. ಹಾಡು ಮನೆಮನೆಗೂ ಹೋಯಿತು, ವರ್ಷಗಟ್ಟಲೆ ಅವರ ಹೆಸರು ಹೋಗಲಿಲ್ಲ. 1971ರ ಮಾರ್ವಿನ್ ಗೇ ಆಲ್ಬಮ್ಮಿನ ಹೊದಿಕೆಯ ಮೇಲೆ ಹಿನ್ನೆಲೆಯವರ ಹೆಸರುಗಳು ಅಚ್ಚಾದಾಗ ಜನ ಅದನ್ನು ಓದಿದರು.

ಜೇಮರ್ಸನ್ ನುಡಿಸಿದ್ದು ಸುಲಭದ್ದಲ್ಲ. ಇವತ್ತಿಗೂ ಆ ಸಾಲುಗಳನ್ನು ಬೇಸ್ ಕಲಿಯುವವರು ಬೆವರಿಳಿಸಿ ಕಲಿಯುತ್ತಾರೆ. ಆದರೂ ಹಾಡು ಕೇಳುವಾಗ ಕಷ್ಟ ಕಾಣುವುದಿಲ್ಲ, ಹಾಡುವವರ ದನಿಯೇ ಎದ್ದು ನಿಲ್ಲುತ್ತದೆ. ಹಾಗಾಗಿ ಕಡಮೆ ನುಡಿಸಿದವರೆಲ್ಲ ಹಾಡಿಗೆ ದುಡಿದವರು, ಹೆಚ್ಚು ನುಡಿಸಿದವರೆಲ್ಲ ತಮಗಾಗಿ ನುಡಿಸಿದವರು ಎಂಬ ಲೆಕ್ಕ ಸರಿಯಲ್ಲ. ಬೆರಳು ಏಳದ್ದಕ್ಕೆ ಕಡಮೆ ನುಡಿಸುವವರೂ ಇದ್ದಾರೆ, ಅದು ಸಂಯಮವಲ್ಲ. ತೆಂಕಿನ ಹಿಮ್ಮೇಳದಲ್ಲೂ ಇಂಥವರು ಇದ್ದೇ ಇದ್ದಾರೆ, ಪದ ಎಲ್ಲಿಗೇ ಹೋಗಲಿ ಒಂದೇ ನಡೆಯನ್ನು ತಿರುಗಿ ತಿರುಗಿ ಬಾರಿಸುತ್ತ ಕುಳಿತವರು. ಅವರ ಮದ್ದಳೆಯಲ್ಲಿ ಭಾಗವತರು ಒಬ್ಬಂಟಿಯಾಗುತ್ತಾರೆ.

ಪದಕ್ಕಾಗಿ ನುಡಿಸಬೇಕೆಂಬ ಮಾತಿಗೆ ಮೀಂಜದಲ್ಲಿ ಇನ್ನೊಂದು ತೂಕವಿದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಈ ಊರು ಕೇರಳದ ಬದಿಗೆ ಬಿತ್ತು. ಗದ್ದೆಯಲ್ಲಿ ಇವತ್ತು ಕುಳಿತವರ ಮನೆಮಾತು ಒಂದಲ್ಲ. ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ. ಕಚೇರಿಯ ಕಾಗದದಲ್ಲಿ ಕನ್ನಡ ಇದೆಯೋ ಇಲ್ಲವೋ ಎಂಬುದಕ್ಕೆ ಇಲ್ಲಿ ಹೋರಾಟ ಮುಗಿದಿಲ್ಲ. ಆದರೆ ರಂಗಸ್ಥಳದಲ್ಲಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ ಎದ್ದರೆ ಎಲ್ಲರೂ ಕನ್ನಡ ಕೇಳುತ್ತಾರೆ, ಅದೂ ದಿನದ ವ್ಯವಹಾರದ ಕನ್ನಡವಲ್ಲ, ಭಾಮಿನಿ, ವಾರ್ಧಕ, ಕಂದಗಳ ಕನ್ನಡ. ಶಾಲೆಯ ಮೆಟ್ಟಲು ಹತ್ತದ ಅಜ್ಜಿಯಂದಿರ ಬಾಯಲ್ಲಿ ಇಡೀ ಚರಣಗಳು ಬರುವುದು ಪುಸ್ತಕದಿಂದಲ್ಲ, ಆಟದಿಂದ. ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವೇನಿಲ್ಲ. ಒಂದು ಅಕ್ಷರ ಚೆಂಡೆಯ ಅಡಿಗೆ ಬಿದ್ದು ಮುಚ್ಚಿಹೋದರೆ ಅದು ಆ ಅಜ್ಜಿಯ ಮೊಮ್ಮಗಳಿಗೆ ಮತ್ತೆಲ್ಲಿ ಸಿಗಬೇಕು? ಗಡಿಯಾಚೆಯ ಊರುಗಳಲ್ಲಿ ಪದದ ಸಾಹಿತ್ಯ ಕೇಳಿಸದಿದ್ದರೆ ಒಂದು ರಾತ್ರಿಯ ರಸ ಕೆಡುತ್ತದೆ; ಇಲ್ಲಿ ಕೆಡುವುದು ಅಷ್ಟೇ ಅಲ್ಲ. ಹಾಗಾಗಿ ಭಾಗವತರ ಬಾಯಿಂದ ಹೊರಟ ಅಕ್ಷರ ಗದ್ದೆಯ ಕೊನೆಯ ಸಾಲಿನವರೆಗೆ ಒಡೆಯದೆ ತಲಪುವಂತೆ ನೋಡಿಕೊಳ್ಳುವ ಮದ್ದಳೆಗಾರರನ್ನು ನಾನು ಕನ್ನಡದ ಕೆಲಸ ಮಾಡುವವರೆಂದೇ ಎಣಿಸುತ್ತೇನೆ.

ಲೀಲಾವತಿ ಬೈಪಾಡಿತ್ತಾಯರ ನೆನಪು ಇಲ್ಲಿ ಬಾರದಿರದು. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದವರು, ಕರ್ನಾಟಕ ಸಂಗೀತ ಕಲಿತವರು. ಮದುವೆಯಾದದ್ದು ಚೆಂಡೆ ಮದ್ದಳೆಯ ಹರಿನಾರಾಯಣ ಬೈಪಾಡಿತ್ತಾಯರನ್ನು. ಸಂಗೀತ ಗೊತ್ತಿದ್ದ ಹೆಂಡತಿಗೆ ಗಂಡನೇ ಭಾಗವತಿಕೆಯ ಗುರುವಾದರು; ಹೆಂಗಸರು ಭಾಗವತಿಕೆಗೆ ಕೂರುವುದನ್ನು ಕಂಡು ಕೇಳಿ ಅರಿಯದ ಕಾಲದಲ್ಲಿ ಅವರು ವೃತ್ತಿ ಮೇಳದಲ್ಲಿ ಕುಳಿತು ಇರುಳೆಲ್ಲ ಹಾಡಿದರು, ಪಕ್ಕದಲ್ಲಿ ಗಂಡನ ಮದ್ದಳೆ ಅಥವಾ ಚೆಂಡೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಪತ್ರಿಕೆಗಳೆಲ್ಲ ಬರೆದವು. ಬರೆಯಬೇಕಾದದ್ದೇ. ಆ ಹೊಸ ಕಂಠವನ್ನು, ಹೆಣ್ಣಿನ ಶ್ರುತಿಯನ್ನು ರಂಗಸ್ಥಳದಲ್ಲಿ ನಿಲ್ಲಿಸಲು ಪಕ್ಕದಲ್ಲೊಂದು ಕೈ ದುಡಿದಿತ್ತೆಂಬುದನ್ನೂ ಜೊತೆಗೇ ನೆನೆಯಬೇಕು. ಕಂಠಕ್ಕೆ ಹೊಂದುವ ವಾದ್ಯ, ಕಂಠ ದಣಿದಾಗ ತುಂಬಿಕೊಡುವ ಪೆಟ್ಟು, ಕಂಠ ಅರಳಿದಾಗ ಬಿಟ್ಟುಕೊಡುವ ತೆರಪು, ಇವೆಲ್ಲ ದಿನದಿನದ ಒಡನಾಟದಿಂದ ಬರುವಂಥವು.

ಇವತ್ತು ಈ ಪಂಚಾಯತಿನ ಎಷ್ಟೋ ಮನೆಗಳ ಮಕ್ಕಳು ವಾರಕ್ಕೊಮ್ಮೆ ಹಿಮ್ಮೇಳ ಕಲಿಯುತ್ತಾರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆಯುಂಟು, ಅದರ ಹುರುಪು ಬೇರೆ. ಹುಡುಗರ ಕಣ್ಣು ಮೊದಲು ಹೋಗುವುದು ಚೆಂಡೆಯ ಕೋಲಿನತ್ತ. ಹೋಗಲಿ, ಆ ವಯಸ್ಸಿಗೆ ಅದು ಸಹಜ. ಬಾಯಿತಾಳ ಹೇಳಿಸುವ ಗುರುಗಳು ಅದರ ಜೊತೆಗೇ ಪದವನ್ನೂ ಹಾಡಿಸಬೇಕು ಎಂಬುದು ನನ್ನ ಬೇಡಿಕೆ. ನಾಲ್ಕು ಸಾಲಿನ ಪದವನ್ನು ಅರ್ಥ ಹೇಳಿಕೊಂಡು, ಉಸಿರು ಎಲ್ಲಿ ಬರುತ್ತದೆಂದು ಅರಿತುಕೊಂಡು ಬಾಯಿಬಿಟ್ಟು ಹಾಡಿದ ಮಗುವಿಗೆ ಮುಂದೆ ಎಲ್ಲಿ ಕೈ ಎತ್ತಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಗಾನವೈಭವ ನಡೆಸುವ ಸಮಿತಿಯವರಲ್ಲೂ ಒಂದು ಕೋರಿಕೆ ಇದೆ. ಎರಡು ತಾಸಿನ ಕಾರ್ಯಕ್ರಮದಲ್ಲಿ ಒಂದು ಕರುಣರಸದ ಪದ ಇರಲಿ, ಅದಕ್ಕೆ ಚೆಂಡೆ ಬೇಡ, ದ್ವಂದ್ವ ಬೇಡ. ಒಬ್ಬರು ಭಾಗವತರು, ಒಂದು ಮದ್ದಳೆ. ನಿರೂಪಕರು ಭಾಗವತರ ಹೆಸರು ಹೇಳುವಾಗ ಮದ್ದಳೆಯವರ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಲಿ.